ಸತ್ತವರ ಹೆಸರನ್ನು ಓದಲು ಅಂಜಬೇಡಿ: ಕರ್ನಾಟಕದ ಧರ್ಮಾಧ್ಯಕ್ಷರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಕಥೋಲಿಕ ಧರ್ಮಸಭೆಯ ಪೂಜ್ಯ ಧರ್ಮಾಧ್ಯಕ್ಷರಿಗೂ, ಧರ್ಮಕೇಂದ್ರಗಳ ವಂದನೀಯ ಗುರುಗಳಿಗೂ, ಕ್ರೈಸ್ತ ವಿದ್ಯಾಸಂಸ್ಥೆಗಳ ಮುಖ್ಯಸ್ಥರಿಗೂ

ಕ್ರಿಸ್ತನಲ್ಲಿ ಪೂಜ್ಯರೇ,

ನಾನು ಈ ರಾಜ್ಯದ ಒಂದು ಸಣ್ಣ ಪಟ್ಟಣದ ಧರ್ಮಕೇಂದ್ರಕ್ಕೆ ಸೇರಿದವಳು. ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಯಾವ ರಾಜಕೀಯ ಪಕ್ಷದ ಸದಸ್ಯತ್ವವೂ ನನಗಿಲ್ಲ, ಯಾವ ಸಂಘಟನೆಯ ಪರವಾಗಿಯೂ ಈ ಪತ್ರವನ್ನು ಬರೆಯುತ್ತಿಲ್ಲ. ನವೆಂಬರ್ ಎರಡನೆಯ ತಾರೀಕು, ಅಂದರೆ ಮೃತ ವಿಶ್ವಾಸಿಗಳ ಸ್ಮರಣೆಯ ದಿನ ಮತ್ತೆ ಹತ್ತಿರ ಬರುತ್ತಿದೆ. ನಾಲ್ಕು ವರ್ಷಗಳಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಒಂದು ದೂರನ್ನು ಈ ಸಲವಾದರೂ ತಮ್ಮ ಮುಂದಿಡದಿದ್ದರೆ ಆ ದಿನ ಸಮಾಧಿಯ ಮುಂದೆ ಮೇಣದಬತ್ತಿ ಹಚ್ಚಲು ನನ್ನ ಕೈ ಏಳುವುದಿಲ್ಲ.

ನಡೆದದ್ದು ಇಷ್ಟು. ನಮ್ಮ ಧರ್ಮಕೇಂದ್ರದಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ತಿಂಗಳಿಡೀ ಪೀಠದ ಪಕ್ಕದಲ್ಲಿ ಒಂದು ಪೆಟ್ಟಿಗೆ ಇಡುತ್ತಾರೆ. ಮನೆಯಲ್ಲಿ ತೀರಿಕೊಂಡವರ ಹೆಸರನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಿದರೆ, ಎರಡನೆಯ ತಾರೀಕಿನ ಬಲಿಪೂಜೆಯಲ್ಲಿ ಆ ಹೆಸರುಗಳನ್ನು ಓದಿ ಪ್ರಾರ್ಥಿಸುವುದು ವಾಡಿಕೆ. 2021ರಲ್ಲಿ, ಕೋವಿಡ್‌ನ ಎರಡನೆಯ ಅಲೆ ಮನೆಮನೆಯಿಂದಲೂ ಯಾರನ್ನಾದರೂ ಕೊಂಡೊಯ್ದಿದ್ದ ವರ್ಷ, ನಾನು ನಾಲ್ಕು ಹೆಸರು ಬರೆದಿದ್ದೆ: ತಂದೆಯದು, ತಾಯಿಯದು, ಆ ಮೇ ತಿಂಗಳಲ್ಲಿ ಆಮ್ಲಜನಕ ಸಿಗದೆ ಹೋದ ನನ್ನ ಮೈದುನನದು, ಮತ್ತು ಫಾದರ್ ಸ್ಟ್ಯಾನ್ ಸ್ವಾಮಿಯವರದು. ಪೂಜೆಯಲ್ಲಿ ಮೊದಲ ಮೂರು ಹೆಸರು ಕೇಳಿಸಿದವು. ನಾಲ್ಕನೆಯದು ಕೇಳಿಸಲಿಲ್ಲ. ನನ್ನ ಕೈಬರಹ ತಿಳಿಯದೆ ಹೋಯಿತೇನೋ ಎಂದುಕೊಂಡು ಪೂಜೆ ಮುಗಿದ ಮೇಲೆ ವಿಚಾರಿಸಿದೆ. ಪಾಲನಾ ಸಮಿತಿಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸುಮ್ಮನೆ ತಂಟೆ ಯಾಕೆ ಟೀಚರ್, ಯಾರಾದರೂ ಮೊಬೈಲಿನಲ್ಲಿ ಹಿಡಿದು ಹೊರಗೆ ಹಾಕಿದರೆ ಇಡೀ ಇಗರ್ಜಿಗೆ ತೊಂದರೆ" ಎಂದರು. ಗುರುಗಳು ವಯಸ್ಸಿನಲ್ಲಿ ಚಿಕ್ಕವರು, ಊರಿಗೆ ಹೊಸಬರು. ಅವರು ನನ್ನ ಮುಖ ನೋಡಲಿಲ್ಲ. ಅವರನ್ನಾಗಲಿ ಆ ಹಿರಿಯರನ್ನಾಗಲಿ ದೂಷಿಸುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಅವರ ಅಂಜಿಕೆ ಅವರಿಗೇ ಹುಟ್ಟಿದ್ದಲ್ಲ, ಮೇಲಿನಿಂದ ಇಳಿದು ಬಂದದ್ದು. ಆದುದರಿಂದಲೇ ಈ ಪತ್ರವನ್ನು ತಮ್ಮ ಹೆಸರಿಗೆ ಬರೆಯುತ್ತಿದ್ದೇನೆ.

ಆ ನಾಲ್ಕನೆಯ ಹೆಸರಿನವರು ಯಾರೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಈ ಪತ್ರವನ್ನು ಓದಬಹುದಾದ ಇತರರಿಗಾಗಿ ಕೆಲವು ಸಂಗತಿಗಳನ್ನು ಹೇಳಲೇಬೇಕು. 1937ರಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿ ಜಿಲ್ಲೆಯಲ್ಲಿ ಹುಟ್ಟಿದ ಅವರು ಯೇಸುಸಭೆಯ (ಜೆಸ್ವಿಟ್) ಗುರುಗಳಾಗಿ, 1975ರಿಂದ 1986ರವರೆಗೆ ನಮ್ಮ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. ಹನ್ನೊಂದು ವರ್ಷ ಈ ನೆಲದ ನೀರು ಕುಡಿದವರು. ಆಮೇಲೆ ಜಾರ್ಖಂಡಿಗೆ ಹೋಗಿ, ರಾಂಚಿಯ ಹತ್ತಿರದ ನಾಮಕುಮ್‌ನಲ್ಲಿ 'ಬಗೈಚಾ' ಎಂಬ ಕೇಂದ್ರವನ್ನು ಕಟ್ಟಿ, ಆದಿವಾಸಿಗಳ ಭೂಮಿಯ ಹಕ್ಕು, ಆದಿವಾಸಿ ಪ್ರದೇಶಗಳ ಆಡಳಿತದ ಕುರಿತ ಸಂವಿಧಾನದ ಐದನೆಯ ಅನುಸೂಚಿ, ಗ್ರಾಮಸಭೆಯ ಅಧಿಕಾರ ಇವುಗಳ ಬಗ್ಗೆ ಕೆಲಸ ಮಾಡಿದರು. ನಕ್ಸಲರೆಂಬ ಆರೋಪದ ಮೇಲೆ ಜೈಲು ಸೇರಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರವಾಗಿ ಹೈಕೋರ್ಟಿನ ಬಾಗಿಲು ತಟ್ಟಿದರು. ಮುಂದೆ ಅದೇ ಗತಿ ಅವರಿಗೂ ಬಂದಿತು.

2020ರ ಅಕ್ಟೋಬರ್ 8ರಂದು, ಮಹಾರಾಷ್ಟ್ರದ ಭೀಮಾ ಕೋರೆಗಾಂವ್‌ನಲ್ಲಿ 2018ರಲ್ಲಿ ನಡೆದ ಹಿಂಸೆಗೆ ಸಂಬಂಧಿಸಿದ ಪ್ರಕರಣದಲ್ಲಿ, ರಾಷ್ಟ್ರೀಯ ತನಿಖಾ ದಳ ಅವರನ್ನು ಬಂಧಿಸಿತು. ಆಗ ಅವರಿಗೆ ಎಂಬತ್ತಮೂರು ವರ್ಷ. ತಾವು ಆ ಊರಿಗೆ ಒಮ್ಮೆಯೂ ಹೋದವರಲ್ಲ ಎಂದು ಅವರು ಮೊದಲೇ ಹೇಳಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದುದರಿಂದ ಲೋಟ ಎತ್ತಿ ನೀರು ಕುಡಿಯಲಾಗದೆ, ತಮ್ಮ ಸ್ಟ್ರಾ ಮತ್ತು ಸಿಪ್ಪರ್ ಮರಳಿ ಕೊಡಿಸಬೇಕೆಂದು ನವೆಂಬರ್ 6ರಂದು ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಉತ್ತರ ಕೊಡಲು ತನಿಖಾ ದಳ ಇಪ್ಪತ್ತು ದಿನ ಕಾಲಾವಕಾಶ ಪಡೆಯಿತು. ಇಪ್ಪತ್ತು ದಿನವಾದ ಮೇಲೆ ಬಂದ ಉತ್ತರ, ಆ ವಸ್ತುಗಳು ತಮ್ಮ ಬಳಿ ಇಲ್ಲ ಎಂಬುದು. ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳನ್ನು ಬಾಲ್ಯದಿಂದ ಬಾಯಿಪಾಠ ಮಾಡಿದ ನನಗೆ ಆ ಸುದ್ದಿ ಓದಿದ ಸಂಜೆ, ಶಿಲುಬೆಯ ಮೇಲಿಂದ ಕ್ರಿಸ್ತನು ಹೇಳಿದ "ನನಗೆ ದಾಹವಾಗಿದೆ" ಎಂಬ ಮಾತನ್ನು ಬಿಟ್ಟು ಬೇರೇನೂ ನೆನಪಾಗಲಿಲ್ಲ.

2021ರ ಮೇ ತಿಂಗಳಲ್ಲಿ ಮುಂಬಯಿ ಹತ್ತಿರದ ತಲೋಜಾ ಜೈಲಿನಿಂದ ವಿಡಿಯೊ ಮೂಲಕ ಬಾಂಬೆ ಹೈಕೋರ್ಟಿನ ಮುಂದೆ ಹಾಜರಾದಾಗ, ಜೈಲಿಗೆ ಬಂದಾಗ ನಾನಾಗಿ ನಡೆಯುತ್ತಿದ್ದೆ, ಸ್ನಾನ ಮಾಡುತ್ತಿದ್ದೆ, ಬರೆಯುತ್ತಿದ್ದೆ, ಈಗ ಒಂದೊಂದೇ ಕೈಬಿಟ್ಟು ಹೋಗುತ್ತಿದೆ ಎಂದು ಅವರು ಹೇಳಿದರು. ಸರ್ಕಾರಿ ಆಸ್ಪತ್ರೆಗೆ ಹೋಗುವುದಕ್ಕಿಂತ ಇಲ್ಲೇ ಸಾಯುವುದು ಮೇಲು, ತಮ್ಮ ಜನರ ಜೊತೆ ಇರುವುದೊಂದೇ ತಮ್ಮ ಆಸೆ ಎಂದರು. ಆ ಆಸೆ ಈಡೇರಲಿಲ್ಲ. ನ್ಯಾಯಾಲಯದ ಆದೇಶದಂತೆ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಿದರು. ಜುಲೈ 5ರಂದು, ಅವರ ಜಾಮೀನು ಅರ್ಜಿಯನ್ನು ಹೈಕೋರ್ಟ್ ಕೈಗೆತ್ತಿಕೊಂಡ ಹೊತ್ತಿನಲ್ಲೇ, ಅರ್ಜಿದಾರರು ತೀರಿಕೊಂಡರೆಂದು ವೈದ್ಯರು ನ್ಯಾಯಪೀಠಕ್ಕೆ ತಿಳಿಸಿದರು. ಮರುದಿನ ಬಾಂದ್ರಾದ ಸಂತ ಪೀಟರ್ ದೇವಾಲಯದಲ್ಲಿ ಅಂತಿಮ ಪೂಜೆ ನಡೆಯಿತು. ಕೋವಿಡ್ ನಿಯಮದಿಂದಾಗಿ ಒಳಗೆ ಕೆಲವೇ ಮಂದಿ. ನಾನು ಅದನ್ನು ಮನೆಯಲ್ಲಿ ಕುಳಿತು, ಮಗಳ ಮೊಬೈಲಿನ ಪುಟ್ಟ ಪರದೆಯಲ್ಲಿ ನೋಡಿದೆ. ನಾನು ಅವರನ್ನು ಒಮ್ಮೆಯೂ ಕಂಡವಳಲ್ಲ. ಆದರೂ ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ತಮ್ಮಲ್ಲಿ ಅನೇಕರು ಆ ವಾರ ಬಾಯಿಬಿಟ್ಟು ದುಃಖ ಹೇಳಿಕೊಂಡಿರಿ. ಭಾರತದ ಧರ್ಮಾಧ್ಯಕ್ಷರ ಮಂಡಳಿ ಅವರ ಬಂಧನವಾದಾಗಲೂ ಸಾವಾದಾಗಲೂ ಹೇಳಿಕೆ ಕೊಟ್ಟಿತ್ತು. ಅದನ್ನು ನಾನು ಮರೆತಿಲ್ಲ, ಮರೆತು ಬರೆದರೆ ಅನ್ಯಾಯವಾಗುತ್ತದೆ. ನನ್ನ ದೂರು ಆಮೇಲಿನದು. ಒಂದು ವಾರದ ಸಂತಾಪಕ್ಕೆ ನಮ್ಮ ಧೈರ್ಯ ಸಾಕಾಯಿತು. ಆ ಸಂತಾಪಕ್ಕೆ ಊರಿನಲ್ಲಿ ಒಂದು ಜಾಗ, ವರ್ಷದಲ್ಲಿ ಒಂದು ದಿನ, ಒಂದು ಕಲ್ಲು, ಒಂದು ಹೆಸರುಹಲಗೆ ಬೇಕು ಎಂದಾಗ ನಾವು ಹಿಂದೆ ಸರಿದೆವು.

ಆ ಅಕ್ಟೋಬರಿನಲ್ಲಿ, ಅಂದರೆ ಸಾವಿನ ಮೂರೇ ತಿಂಗಳ ನಂತರ, ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆ ತನ್ನ ಆವರಣದ ಒಂದು ಉದ್ಯಾನಕ್ಕೆ ಫಾದರ್ ಸ್ಟ್ಯಾನ್ ಸ್ವಾಮಿಯವರ ಹೆಸರಿಡಲು ಮುಂದಾಯಿತು. ಅದು ಯೇಸುಸಭೆಯ ಸಂಸ್ಥೆ, ಅವರು ಯೇಸುಸಭೆಯ ಗುರು. ಮನೆಯವರು ಮನೆಯ ಹಿರಿಯರ ಹೆಸರನ್ನು ತಮ್ಮ ಅಂಗಳದಲ್ಲಿ ಇಟ್ಟುಕೊಳ್ಳುವುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿರಲಿಲ್ಲ. ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತೂ (ಎಬಿವಿಪಿ) ವಿಶ್ವ ಹಿಂದೂ ಪರಿಷತ್ತೂ ವಿರೋಧಿಸಿದವು, ಕಾರ್ಯಕ್ರಮ ಮುಂದಕ್ಕೆ ಹೋಯಿತು. 2025ರ ಆಗಸ್ಟಿನಲ್ಲಿ ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜು ವರ್ಷಂಪ್ರತಿಯ ಸ್ಟ್ಯಾನ್ ಸ್ವಾಮಿ ಸ್ಮಾರಕ ಉಪನ್ಯಾಸವನ್ನು, ಅದೇ ವಿದ್ಯಾರ್ಥಿ ಸಂಘಟನೆಯ ಆಕ್ಷೇಪದ ನಂತರ, ರದ್ದು ಮಾಡಿತು. ಉಪನ್ಯಾಸದ ವಿಷಯ ಹೊಟ್ಟೆಪಾಡಿಗಾಗಿ ವಲಸೆ ಹೋಗುವವರ ಬದುಕು. ಮಾತಾಡಬೇಕಿದ್ದವರು ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದ ಒಬ್ಬ ಗುರು.

ಇದರ ಎದುರಿಗೆ ಇನ್ನೊಂದು ಘಟನೆಯನ್ನು ಇಡುತ್ತೇನೆ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ಒಬ್ಬರು ತಮ್ಮ ಸ್ವಂತ ಪಟ್ಟಾ ಜಮೀನಿನಲ್ಲಿ ಸ್ಟ್ಯಾನ್ ಸ್ವಾಮಿಯವರ ಚಿತ್ರವಿರುವ ಕಲ್ಲಿನ ಕಂಬ ನಿಲ್ಲಿಸಲು ಹೊರಟಾಗ ತಹಶೀಲ್ದಾರರು ನೋಟಿಸ್ ಕೊಟ್ಟು ತಡೆದರು. ಅವರು ಸುಮ್ಮನೆ ಕೂರಲಿಲ್ಲ. ಮದ್ರಾಸ್ ಹೈಕೋರ್ಟಿಗೆ ಹೋದರು, ಮತ್ತು 2024ರಲ್ಲಿ ಹೈಕೋರ್ಟ್ ಆ ನೋಟಿಸನ್ನು ತಳ್ಳಿಹಾಕಿ, ಸ್ವಂತ ನೆಲದಲ್ಲಿ ಕಲ್ಲು ನೆಡುವುದು ನಾಗರಿಕನ ಹಕ್ಕು ಎಂದಿತು. ಶತಮಾನ ದಾಟಿದ ಕಾಲೇಜುಗಳು, ವಕೀಲರನ್ನೂ ಟ್ರಸ್ಟುಗಳನ್ನೂ ಇಟ್ಟುಕೊಂಡ ಸಂಸ್ಥೆಗಳು ಮಾಡದ ಕೆಲಸವನ್ನು ಜಮೀನಿನ ಯಜಮಾನರೊಬ್ಬರು ಮಾಡಿದರು. ನಾನು ನಾಚಿಕೆಯಿಂದ ಹೇಳುತ್ತಿದ್ದೇನೆ, ಏಕೆಂದರೆ ಆ ಸಂಸ್ಥೆಗಳು ನನ್ನವೂ ಹೌದು.

ಕಲ್ಲಿನ ವಿಷಯ ಬಂದುದರಿಂದ ಒಂದು ಮಾತು. ಜಾರ್ಖಂಡಿನ ಮುಂಡಾ ಆದಿವಾಸಿಗಳಲ್ಲಿ ಸತ್ತವರಿಗೆ ಕಲ್ಲು ನೆಡುವುದು ಬಹಳ ಹಳೆಯ ಪದ್ಧತಿ. ಸಮಾಧಿಯ ಕಲ್ಲನ್ನು ಅವರು 'ಸಾಸನ್‌ದಿರಿ' ಎನ್ನುತ್ತಾರೆ. ನಮ್ಮ ವೀರಗಲ್ಲು, ಮಾಸ್ತಿಗಲ್ಲುಗಳನ್ನು ನೋಡಿ ಬೆಳೆದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಗೈಚಾದ ಅಂಗಳದಲ್ಲಿಯೂ, ನೆಲ ಉಳಿಸಿಕೊಳ್ಳಲು ಹೋಗಿ ಪ್ರಾಣ ತೆತ್ತ ಆದಿವಾಸಿಗಳ ಹೆಸರುಗಳನ್ನು ಹೊತ್ತ ಕಲ್ಲು ನಿಂತಿದೆ. ಅವರಿವರ ಮಕ್ಕಳ ಹೆಸರು ಅಳಿಸಿಹೋಗಬಾರದೆಂದು ದುಡಿದ ಗುರುವಿನ ಹೆಸರನ್ನು ನಾವು ಒಂದು ಚೀಟಿಯಿಂದಲೂ ಓದಲಾರದೆ ಹೋದೆವಲ್ಲ.

"ಧರ್ಮಸಭೆ ರಾಜಕೀಯಕ್ಕೆ ಇಳಿಯಬಾರದು" ಎಂಬ ಉತ್ತರ ನನಗೆ ಅನೇಕ ಸಲ ಸಿಕ್ಕಿದೆ. ಆ ಮಾತಿನ ಅರ್ಧವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಯಾರಿಗೆ ಮತ ಹಾಕಬೇಕೆಂದು ಪ್ರಬೋಧನೆಯಲ್ಲಿ ಸೂಚನೆ ಕೊಡುವುದನ್ನು, ಚುನಾವಣೆ ಹತ್ತಿರವಾದಾಗ ಅಭ್ಯರ್ಥಿಗಳನ್ನು ಪೂಜೆಯ ನಂತರ ಮೈಕಿನ ಮುಂದೆ ನಿಲ್ಲಿಸುವುದನ್ನು ನಾನು ಎಂದೂ ಒಪ್ಪಿದವಳಲ್ಲ, ಅದು ಯಾವ ಪಕ್ಷದ ಅಭ್ಯರ್ಥಿಯಾದರೂ ಸರಿ. ಆದರೆ ನನ್ನ ಚೀಟಿಯ ಹೆಸರನ್ನು ಬಿಟ್ಟ ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ಇಗರ್ಜಿಯ ಅಂಗಳದ ಕ್ರಿಸ್ತಜಯಂತಿ ವೇದಿಕೆಯಲ್ಲಿ, ಎರಡು ಪಕ್ಷಗಳ ಮುಖಂಡರು ಹಾರ ಹಾಕಿಸಿಕೊಂಡು ಕುಳಿತಿದ್ದರು. ಅವರ ಹೆಸರುಗಳನ್ನು ಪದವಿ ಸಮೇತ, ಒಂದೂ ತಪ್ಪದಂತೆ, ಓದಲಾಯಿತು. ಅಧಿಕಾರದಲ್ಲಿ ಇರುವವರ ಹೆಸರು ಓದಿದರೆ ಅದು ಸೌಹಾರ್ದ, ಅಧಿಕಾರದ ಕೈಯಲ್ಲಿ ಸತ್ತವರ ಹೆಸರು ಓದಿದರೆ ಅದು ರಾಜಕೀಯ ಎಂಬ ಲೆಕ್ಕವನ್ನು ನಾನು ಶುಭಸಂದೇಶದ ಯಾವ ಪುಟದಲ್ಲಿಯೂ ಕಾಣಲಿಲ್ಲ.

ಕಂಡದ್ದು ಬೇರೆ. ಪ್ರತಿ ಭಾನುವಾರ ನಾವೆಲ್ಲ ಎದ್ದು ನಿಂತು ವಿಶ್ವಾಸ ಪ್ರಮಾಣವನ್ನು ಹೇಳುತ್ತೇವೆ. ಯೇಸುಸ್ವಾಮಿಯನ್ನೂ ಮರಿಯಮ್ಮನವರನ್ನೂ ಬಿಟ್ಟರೆ ಆ ಪ್ರಮಾಣದಲ್ಲಿ ಬರುವ ಮನುಷ್ಯನ ಹೆಸರು ಒಂದೇ ಒಂದು: ಪೊಂತಿಯುಸ್ ಪಿಲಾತ. ಅವನು ಸಂತನಲ್ಲ, ಪ್ರೇಷಿತನಲ್ಲ. ರೋಮ್ ಸರ್ಕಾರದ ಒಬ್ಬ ರಾಜ್ಯಪಾಲ. ಪೇತ್ರನ ಹೆಸರಿಲ್ಲದ ಕಡೆ ಅವನ ಹೆಸರು ಏಕೆ ಉಳಿಯಿತು? ನಮ್ಮ ಪ್ರಭುವಿನ ಸಾವು ಎಲ್ಲೋ ಯಾವಾಗಲೋ ತಾನಾಗಿ ಆದದ್ದಲ್ಲ, ಇಂಥ ಅಧಿಕಾರಿಯ ಆಳ್ವಿಕೆಯಲ್ಲಿ, ಇಂಥವನ ಆಜ್ಞೆಯಿಂದ ಆದದ್ದು ಎಂಬುದನ್ನು ಸಭೆ ಮರೆಯದಿರಲೆಂದು. ನಮ್ಮ ವಿಶ್ವಾಸ ನಿಂತಿರುವುದೇ ಸೆರೆಯಲ್ಲಿಟ್ಟು, ಆತುರದ ವಿಚಾರಣೆ ಮಾಡಿ ಕೊಲ್ಲಲ್ಪಟ್ಟ ಒಬ್ಬನನ್ನು ಬಹಿರಂಗವಾಗಿ ಶೋಕಿಸುವುದರ ಮೇಲೆ. ಶುಭ ಶುಕ್ರವಾರದ ಮಹಾಪ್ರಾರ್ಥನೆಗಳನ್ನೂ ನೋಡಿ. ಆಳುವವರಿಗಾಗಿ ಪ್ರಾರ್ಥಿಸಿದ ಮರುಗಳಿಗೆಯೇ ಕಷ್ಟದಲ್ಲಿರುವವರಿಗಾಗಿ ಪ್ರಾರ್ಥಿಸುತ್ತೇವೆ, ಸೆರೆಮನೆಯ ಬಾಗಿಲು ತೆರೆಯಲಿ, ಸಂಕೋಲೆ ಕಳಚಲಿ ಎಂದು ಬೇಡುತ್ತೇವೆ. ಎರಡನ್ನೂ ಒಂದೇ ಮೊಣಕಾಲ ಮೇಲೆ ನಿಂತು ಬೇಡುವಂತೆ ನಮಗೆ ಕಲಿಸಿದವರು ತಾವೇ.

ಬೈಬಲಿನಲ್ಲಿ ತೋಬಿತನ ಕಥೆಯಿದೆ. ಅರಸ ಕೊಲ್ಲಿಸಿ ಎಸೆದವರ ಹೆಣಗಳನ್ನು ಅವನು ಗುಟ್ಟಾಗಿ ಮಣ್ಣು ಮಾಡುತ್ತಿದ್ದ. ಅದು ತಿಳಿದು ಊರು ಬಿಟ್ಟು ಓಡಬೇಕಾಯಿತು, ಆಸ್ತಿಯೆಲ್ಲ ಮುಟ್ಟುಗೋಲಾಯಿತು. ಸತ್ತವರನ್ನು ಮಣ್ಣುಮಾಡುವುದನ್ನು ದಯಾಕಾರ್ಯಗಳಲ್ಲಿ ಒಂದೆಂದು ಧರ್ಮೋಪದೇಶದ ತರಗತಿಯಲ್ಲಿ ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ರಿಚ್ಪಳ ಕಥೆಯಂತೂ ನನ್ನನ್ನು ಎಂದೂ ಬಿಟ್ಟಿಲ್ಲ. ದಾವೀದ ಅರಸನು ಒಪ್ಪಿಸಿಕೊಟ್ಟದ್ದರಿಂದ ಅವಳ ಇಬ್ಬರು ಗಂಡುಮಕ್ಕಳು ಕೊಲೆಯಾದರು. ಅವಳು ಗೋಣಿತಟ್ಟನ್ನು ಬಂಡೆಯ ಮೇಲೆ ಹಾಸಿಕೊಂಡು, ಜವೆಗೋದಿಯ ಸುಗ್ಗಿ ಶುರುವಾದಾಗಿನಿಂದ ಮಳೆ ಬೀಳುವವರೆಗೂ, ಹಗಲು ಹಕ್ಕಿಗಳನ್ನು ರಾತ್ರಿ ಕಾಡುಮೃಗಗಳನ್ನು ಓಡಿಸುತ್ತ ಆ ಹೆಣಗಳ ಬಳಿ ಕುಳಿತಳು. ಅವಳು ಘೋಷಣೆ ಕೂಗಲಿಲ್ಲ, ಸೈನ್ಯ ಕಟ್ಟಲಿಲ್ಲ. ಎಲ್ಲರಿಗೂ ಕಾಣುವಂತೆ ಅತ್ತಳು. ಕಡೆಗೆ ಅರಸನೇ ಆ ಎಲುಬುಗಳನ್ನು ತರಿಸಿ ಗೌರವದಿಂದ ಸಮಾಧಿ ಮಾಡಿಸಿದ. ಶೋಕಕ್ಕೆ ಅಂಥ ಬಲವಿದೆ ಎಂದು ಆಳುವವರಿಗೆ ಗೊತ್ತಿರುವುದರಿಂದಲೇ ಉದ್ಯಾನದ ಒಂದು ಹಲಗೆಗೂ ವಿರೋಧ ಬರುತ್ತದೆ.

ಶೋಕವೇ ರಾಜಕೀಯ ಸಭೆಯಾಗಿಬಿಡುವ ಅಪಾಯವಿದೆ ಎಂದು ತಾವು ಹೇಳಬಹುದು. ನಿಜ, ಇದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅರಿಜೋನಾದಲ್ಲಿ, ಗುಂಡೇಟಿಗೆ ಬಲಿಯಾದ ಬಲಪಂಥೀಯ ರಾಜಕೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಅವರ ಸ್ಮರಣಾರ್ಥ ಒಂದು ದೊಡ್ಡ ಕ್ರೀಡಾಂಗಣ ತುಂಬಿತ್ತು. ಅವರ ವಿಧವೆ, ಶಿಲುಬೆಯ ಮೇಲೆ ಕ್ರಿಸ್ತನು ಹೇಳಿದ ಮಾತನ್ನು ನೆನೆದು, ಕೊಂದವನನ್ನು ಕ್ಷಮಿಸಿದ್ದೇನೆ ಎಂದರು. ಅದೇ ವೇದಿಕೆಯಿಂದ ಆ ದೇಶದ ಅಧ್ಯಕ್ಷರು, ತಾವು ಎದುರಾಳಿಗಳನ್ನು ದ್ವೇಷಿಸುವವರು ಎಂದರು. ಒಂದೇ ದಿನ, ಒಂದೇ ಶಿಲುಬೆಯ ಹೆಸರಿನಲ್ಲಿ ಆ ಎರಡು ಮಾತುಗಳು ಬಂದವು. ಸತ್ತವರ ನೆನಪನ್ನು ಅಧಿಕಾರಸ್ಥರ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ. ನಾನು ಕೇಳುತ್ತಿರುವುದು ಅಂಥ ಸಭೆಯನ್ನಲ್ಲ. ಸ್ಟ್ಯಾನ್ ಸ್ವಾಮಿಯವರ ಹೆಸರಿನಲ್ಲಿ ಯಾವ ಪಕ್ಷವಾದರೂ ತನ್ನ ಬಾವುಟ ಹಾರಿಸಿದರೆ ಅದನ್ನೂ ಇಷ್ಟೇ ನೇರವಾಗಿ ವಿರೋಧಿಸುತ್ತೇನೆ.

ನಮ್ಮ ದೇಶದಲ್ಲೇ ಇದಕ್ಕೆ ಬೇರೆಯ ಮೇಲ್ಪಂಕ್ತಿಯಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಮಕ್ಕಳನ್ನು ವಾಹನದಲ್ಲೇ ಸುಟ್ಟು ಕೊಂದಾಗ, ಗ್ಲ್ಯಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದರು. ಕುಷ್ಠರೋಗಿಗಳ ಸೇವೆಯನ್ನು ಬಿಡದೆ ಮುಂದುವರಿಸಿದರು. ಮತ್ತು ಬಾರಿಪದಾದಲ್ಲಿ ಗಂಡನ ಹೆಸರಿನಲ್ಲಿ ಆಸ್ಪತ್ರೆಯನ್ನು ಕಟ್ಟಿಸಿದರು. ಕ್ಷಮೆ ಮತ್ತು ಹೆಸರು, ಎರಡನ್ನೂ ಅವರು ಒಟ್ಟಿಗೆ ಇಟ್ಟುಕೊಂಡರು. ಕ್ಷಮಿಸಿದ್ದೇವೆ, ಆದ್ದರಿಂದ ಇನ್ನು ಹೆಸರೆತ್ತುವುದು ಬೇಡ ಎಂದು ಅವರು ಹೇಳಲಿಲ್ಲ. ಹೆಸರೇ ಎತ್ತದಿದ್ದರೆ ಕ್ಷಮಿಸುವುದಾದರೂ ಏನನ್ನು?

"ಅವರ ಮೇಲೆ ಗಂಭೀರ ಆರೋಪವಿತ್ತಲ್ಲ" ಎಂಬುದು ನನಗೆ ಸಿಕ್ಕ ಇನ್ನೊಂದು ಉತ್ತರ. ಇತ್ತು. ಆದರೆ ಅವರು ಸಾಯುವವರೆಗೂ ವಿಚಾರಣೆ ಆರಂಭವೇ ಆಗಿರಲಿಲ್ಲ. ಯಾವ ನ್ಯಾಯಾಲಯವೂ ಅವರನ್ನು ತಪ್ಪಿತಸ್ಥರೆಂದು ತೀರ್ಪು ಕೊಟ್ಟಿರಲಿಲ್ಲ. ಅವರ ಕಂಪ್ಯೂಟರಿಗೆ ಹೊರಗಿನಿಂದ ಕಡತಗಳನ್ನು ತುರುಕಲಾಗಿತ್ತು ಎಂದು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಡಿಜಿಟಲ್ ಪರೀಕ್ಷಾ ಸಂಸ್ಥೆ 2022ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅವರ ಮೇಲಿನ ಕಳಂಕವನ್ನು ತೆಗೆಯಬೇಕೆಂದು ಯೇಸುಸಭೆಯ ಗುರುಗಳೇ ಬಾಂಬೆ ಹೈಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಇದೆಲ್ಲವನ್ನು ಬದಿಗಿಟ್ಟೇ ನೋಡೋಣ. ಪಕ್ಕದ ಶಿಲುಬೆಯಲ್ಲಿ ತೂಗುತ್ತಿದ್ದ ಕಳ್ಳನಿಗೂ ಸ್ವರ್ಗದ ಮಾತು ಕೊಟ್ಟವನ ಪೀಠದ ಮುಂದೆ, ತೀರ್ಪಾಗದ ಒಬ್ಬ ವೃದ್ಧ ಗುರುವಿನ ಆತ್ಮಕ್ಕೆ ಶಾಂತಿ ಕೋರಲು ಯಾರ ಪರವಾನಗಿ ಬೇಕು?

2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡಾಗ ಭಾರತ ಸರ್ಕಾರ ಮೂರು ದಿನದ ರಾಷ್ಟ್ರೀಯ ಶೋಕವನ್ನು ಘೋಷಿಸಿತು, ಧ್ವಜಗಳು ಅರ್ಧಕ್ಕಿಳಿದವು. ಅದಕ್ಕಾಗಿ ನಾನು ಕೃತಜ್ಞಳು. ಪೋಪ್ ಫ್ರಾನ್ಸಿಸ್ ಕೂಡ ಯೇಸುಸಭೆಯವರು. ತಪಸ್ಸುಕಾಲದ ಪವಿತ್ರ ಗುರುವಾರಗಳಂದು ಸೆರೆಮನೆಗೆ ಹೋಗಿ ಕೈದಿಗಳ ಕಾಲು ತೊಳೆದವರು. ಒಂದೇ ಸಭೆಯ, ಒಂದೇ ಕಾಯಕದ ಇಬ್ಬರು ಗುರುಗಳಲ್ಲಿ ಒಬ್ಬರಿಗೆ ದೇಶವೇ ಧ್ವಜ ಇಳಿಸಿತು, ಇನ್ನೊಬ್ಬರಿಗೆ ಒಂದು ಉದ್ಯಾನವೂ ದಕ್ಕಲಿಲ್ಲ. ದೂರದವರನ್ನು ಶೋಕಿಸುವುದು ಸುಲಭ ಎಂದು ಸರ್ಕಾರಕ್ಕೆ ಅನಿಸಿದರೆ ಅರ್ಥವಾಗುತ್ತದೆ, ನಮಗೂ ಹಾಗನ್ನಿಸಬಾರದಿತ್ತು.

ತಮ್ಮ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಆರಾಧನಾ ಮಠಕ್ಕೆ ನುಗ್ಗಿ ಶಿಲುಬೆಯನ್ನು ಮುರಿದ ದಿನ ಕರಾವಳಿಯಲ್ಲಿದ್ದ ನನ್ನ ಅಕ್ಕನ ಮನೆಯವರು ಬಾಗಿಲು ಹಾಕಿಕೊಂಡು ಕುಳಿತಿದ್ದರು. ಉದ್ಯಾನದ ವಿವಾದ ನಡೆದ ಅದೇ 2021ರ ಅಕ್ಟೋಬರಿನಲ್ಲಿ ರಾಜ್ಯದ ಚರ್ಚುಗಳ ಸಮೀಕ್ಷೆಯ ಮಾತು ಎದ್ದಿತ್ತು, ಡಿಸೆಂಬರಿನಲ್ಲಿ ಮತಾಂತರ ತಡೆ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಅಂಥ ಹೊತ್ತಿನಲ್ಲಿ ಒಂದು ಸಂಸ್ಥೆಯ ಮುಖ್ಯಸ್ಥರು ತಮ್ಮ ಸಾವಿರಾರು ವಿದ್ಯಾರ್ಥಿಗಳ ಸುರಕ್ಷತೆಯನ್ನು ಯೋಚಿಸಬೇಕಾಗುತ್ತದೆ ಎಂಬುದು, ತರಗತಿಯಲ್ಲಿ ನಿಂತು ದುಡಿದ ನನಗೆ ತಿಳಿಯದ ವಿಷಯವಲ್ಲ. ಆದರೆ ಆ ಸಮೀಕ್ಷೆಯನ್ನೂ ಆ ಮಸೂದೆಯನ್ನೂ ತಾವು ಗಟ್ಟಿ ದನಿಯಲ್ಲಿ ವಿರೋಧಿಸಿದಿರಿ. ನಮ್ಮ ಕಟ್ಟಡಗಳಿಗೂ ನಮ್ಮ ಹಕ್ಕುಗಳಿಗೂ ಕುತ್ತು ಬಂದಾಗ ಇದ್ದ ದನಿ ನಮ್ಮ ಸತ್ತವರ ವಿಷಯ ಬಂದಾಗ ಎಲ್ಲಿ ಹೋಯಿತು ಎಂಬುದಷ್ಟೇ ನನ್ನ ಪ್ರಶ್ನೆ.

ಅರಿಮಥಾಯದ ಜೋಸೆಫನೂ ಹೆದರಿ ಗುಟ್ಟಾಗಿ ಶಿಷ್ಯನಾಗಿದ್ದವನು ಎಂದು ಯೊವಾನ್ನನ ಶುಭಸಂದೇಶ ಹೇಳುತ್ತದೆ. ಹಾಗೆ ಹೆದರಿದ್ದವನೇ ಪಿಲಾತನ ಬಳಿಗೆ ಹೋಗಿ ಪ್ರಭುವಿನ ದೇಹವನ್ನು ಕೇಳಿದ. ಗಲಿಲೇಯದಿಂದ ಜೊತೆಗೆ ಬಂದ ಶಿಷ್ಯರು ಓಡಿಹೋಗಿದ್ದಾಗ, ಸ್ಥಾನಮಾನವಿದ್ದ, ಕಳೆದುಕೊಳ್ಳಲು ಬಹಳವಿದ್ದ ಆ ಮನುಷ್ಯ ತನ್ನ ಸ್ವಂತ ಸಮಾಧಿಯನ್ನು ಬಿಟ್ಟುಕೊಟ್ಟ. ಸ್ಥಾನಮಾನವಿರುವ ತಮ್ಮನ್ನು ಕೇಳುವಾಗ ನನಗೆ ಅವನ ನೆನಪಾಗುತ್ತದೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಈ ನವೆಂಬರ್ 2ರಂದು ತಮ್ಮ ಧರ್ಮಪ್ರಾಂತ್ಯಗಳ ಎಲ್ಲ ಧರ್ಮಕೇಂದ್ರಗಳಲ್ಲಿಯೂ, ವಿಚಾರಣೆ ಮುಗಿಯದೆ ಸೆರೆಯಲ್ಲಿ ತೀರಿಕೊಂಡವರಿಗಾಗಿ, ಅವರ ಜಾತಿ ಮತ ಯಾವುದೇ ಇರಲಿ, ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವನ್ನು ಸೇರಿಸುವಂತೆ ಸುತ್ತೋಲೆ ಕಳುಹಿಸಿರಿ. ನಮ್ಮ ದೇಶದ ಜೈಲುಗಳಲ್ಲಿ ಇರುವ ನಾಲ್ವರಲ್ಲಿ ಸುಮಾರು ಮೂವರು ತೀರ್ಪಿಗಾಗಿ ಕಾಯುತ್ತಿರುವವರು. ಅವರಲ್ಲಿ ಹೆಚ್ಚಿನವರಿಗೆ ಫಾದರ್ ಸ್ಟ್ಯಾನ್ ಅವರಿಗಿದ್ದಷ್ಟು ಹೆಸರೂ ಇಲ್ಲ, ವಕೀಲರೂ ಇಲ್ಲ. ಆ ಬಿನ್ನಹದಲ್ಲಿ, ಹಾಗೆ ಸೆರೆಯಲ್ಲಿ ತೀರಿಕೊಂಡವರ ಹೆಸರನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ ಗುರುಗಳಿಗೆ ಇದೆಯೆಂದು ಬರೆದು ಕೊಡಿರಿ. ತಮ್ಮ ಸಹಿ ಇರುವ ಒಂದು ಸಾಲು ಚಿಕ್ಕ ಊರಿನ ಚಿಕ್ಕ ವಯಸ್ಸಿನ ಗುರುವಿಗೆ ಎಷ್ಟು ಬಲ ಕೊಡುತ್ತದೆಂಬುದನ್ನು ತಾವು ಊಹಿಸಲಾರಿರಿ.

ವಿದ್ಯಾಸಂಸ್ಥೆಗಳ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಬೇರೆ. ಒತ್ತಡಕ್ಕೆ ಮಣಿದು ಒಂದು ಸ್ಮರಣೆಯನ್ನು ಕೈಬಿಡಬೇಕಾದ ದಿನ ಬಂದರೆ, 'ಅನಿವಾರ್ಯ ಕಾರಣಗಳಿಂದ' ಎಂದು ಬರೆಯಬೇಡಿರಿ. ಯಾರು ಏನು ಹೇಳಿದರು, ತಾವು ಏಕೆ ಹಿಂದೆ ಸರಿದಿರಿ ಎಂಬುದನ್ನು ವಿದ್ಯಾರ್ಥಿಗಳಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿರಿ. ಹೆದರಿದ್ದೇವೆ ಎಂದು ಒಪ್ಪಿಕೊಂಡ ಗುರುವನ್ನು ಮಕ್ಕಳು ಕ್ಷಮಿಸುತ್ತಾರೆ. ಕಾರಣ ಮುಚ್ಚಿಟ್ಟವರಿಂದ ಅವರು ಕಲಿಯುವುದು ಮುಚ್ಚಿಡುವುದನ್ನೇ. ಸಾಧ್ಯವಾದರೆ ಧರ್ಮಪುರಿಯ ಆ ತೀರ್ಪನ್ನು ತಮ್ಮ ವಕೀಲರಿಗೆ ಓದಿಸಿ, ನಮ್ಮ ನೆಲದಲ್ಲಿ ಒಂದು ಕಲ್ಲು ನೆಡಲು ನಮಗೆ ಇರುವ ಹಕ್ಕನ್ನು ತಿಳಿದುಕೊಳ್ಳಿರಿ.

ಮತ್ತು ಪೀಠದ ಹತ್ತಿರಕ್ಕೆ, ಹಬ್ಬದಲ್ಲಾಗಲಿ ಅಂತ್ಯಸಂಸ್ಕಾರದಲ್ಲಾಗಲಿ, ಯಾವ ಪಕ್ಷದ ಮುಖಂಡರನ್ನೂ ಮುಖಂಡರೆಂಬ ಕಾರಣಕ್ಕೆ ಕರೆಯಬೇಡಿರಿ. ಅವರು ಬರಲಿ, ಎಲ್ಲರ ಜೊತೆ ಬೆಂಚಿನಲ್ಲಿ ಕುಳಿತುಕೊಳ್ಳಲಿ, ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಹಿಡಿ ಮಣ್ಣು ಹಾಕಲಿ.

ಈ ವರ್ಷವೂ ನಾನು ನಾಲ್ಕು ಹೆಸರಿನ ಚೀಟಿಯನ್ನು ಬರೆದಿಟ್ಟಿದ್ದೇನೆ. ಅಕ್ಷರ ದೊಡ್ಡದಾಗಿ, ಬಿಡಿಸಿ ಬರೆದಿದ್ದೇನೆ. ಅಕ್ಟೋಬರ್ ಕೊನೆಯ ಭಾನುವಾರ ಅದನ್ನು ಪೆಟ್ಟಿಗೆಗೆ ಹಾಕುತ್ತೇನೆ, ಎರಡನೆಯ ತಾರೀಕಿನಂದು ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತೇನೆ.

ಇಂತಿ ತಮ್ಮ ವಿಧೇಯಳು,
ಧರ್ಮಕೇಂದ್ರವೊಂದರ ಸಾಮಾನ್ಯ ಸದಸ್ಯೆ, ನಿವೃತ್ತ ಕನ್ನಡ ಶಿಕ್ಷಕಿ